ಮಣ್ಣು ಪರೀಕ್ಷೆ: ಮಾದರಿ ತೆಗೆಯುವುದರಿಂದ ಗೊಬ್ಬರದ ಲೆಕ್ಕದವರೆಗೆ

“ಮಣ್ಣು ಪರೀಕ್ಷೆ ಮಾಡಿಸಿದೆವು, ಕಾರ್ಡೂ ಬಂತು. ಇದರಲ್ಲಿರುವ ಅಂಕಿಗಳನ್ನು ಇಟ್ಟುಕೊಂಡು ಏನು ಮಾಡಬೇಕು?” ಮುಂಗಾರು ಹತ್ತಿರವಾದಾಗಲೆಲ್ಲ ಓದುಗರು ಕೇಳುವ ಪ್ರಶ್ನೆ ಇದು. 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಕಾರ್ಡ್ ಯೋಜನೆಯಿಂದ ಹಳ್ಳಿಹಳ್ಳಿಗೂ ಕಾರ್ಡು ತಲುಪಿದೆ. ಅದರಲ್ಲಿ ಹನ್ನೆರಡು ಅಂಶಗಳ ಅಂಕಿಗಳಿರುತ್ತವೆ. ಆದರೆ ಬಹಳಷ್ಟು ಮನೆಗಳಲ್ಲಿ ಕಾರ್ಡು ಪಹಣಿಯ ಜೊತೆ ಕಡತ ಸೇರುತ್ತದೆ, ಹೊಲಕ್ಕೆ ಮಾತ್ರ ಕಳೆದ ವರ್ಷ ಹಾಕಿದಷ್ಟೇ ಗೊಬ್ಬರ ಬೀಳುತ್ತದೆ. ಆ ಕಾರ್ಡನ್ನು ಕಡತದಿಂದ ಹೊರಗೆ ತೆಗೆಸಬೇಕೆಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ಗೊಬ್ಬರದ ಚೀಲದಲ್ಲಿರುವುದು ಎಲ್ಲಿಂದ ಬಂತು ಎಂಬುದನ್ನು ಮೊದಲು ತಿಳಿದುಕೊಳ್ಳಿ. ಯೂರಿಯಾದ ಸಾರಜನಕ ಗಾಳಿಯದೇ ಆದರೂ ಅದನ್ನು ಅಮೋನಿಯಾ ಮಾಡಲು ನೈಸರ್ಗಿಕ ಅನಿಲ ಬೇಕು. ಡಿಎಪಿ, ಅಂದರೆ ಡೈಅಮೋನಿಯಂ ಫಾಸ್ಫೇಟ್ ಗೊಬ್ಬರದ ರಂಜಕ ನೆಲದಡಿಯ ಶಿಲಾರಂಜಕದಿಂದ ಬರುತ್ತದೆ. ಜಗತ್ತಿನ ಶಿಲಾರಂಜಕ ನಿಕ್ಷೇಪದ ಸುಮಾರು 70 ಶೇಕಡಾ ಮೊರಾಕ್ಕೊ ಮತ್ತು ಪಶ್ಚಿಮ ಸಹಾರದಲ್ಲೇ ಇದೆ. ನಾವು ಬಳಸುವ ಪೊಟ್ಯಾಷ್ ಹೆಚ್ಚುಕಡಿಮೆ ಪೂರ್ತಿ ಹೊರದೇಶದ್ದು. ಬೆಳೆಗೆ ಬೇಡವಾದ ಗೊಬ್ಬರವನ್ನು ಸುರಿದರೆ ಹಣದ ಜೊತೆಗೆ ಮತ್ತೆ ಹುಟ್ಟದ ಖನಿಜವೂ ವ್ಯರ್ಥವಾಗುತ್ತದೆ. ಉಳಿದ ಸಾರಜನಕ ನೈಟ್ರೇಟ್ ಆಗಿ ನಿಮ್ಮದೇ ಬಾವಿಗೆ ಇಳಿಯುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂಗಿಂತ ಹೆಚ್ಚು ನೈಟ್ರೇಟ್ ಇರಬಾರದು ಎಂಬುದು ಭಾರತೀಯ ಮಾನಕ. ಈ ಮಿತಿ ಮೀರಿದ ನೀರು ಹಸುಗೂಸುಗಳಿಗೆ ಅಪಾಯಕಾರಿ.

ಏನೇನು ಬೇಕು?

ತುಕ್ಕು ಹಿಡಿಯದ ಸಲಿಕೆ ಅಥವಾ ಗುದ್ದಲಿ, ಪ್ಲಾಸ್ಟಿಕ್ ಬಕೆಟ್, ಹರವಲು ಶುಭ್ರವಾದ ಬಟ್ಟೆ, ಮಣ್ಣು ತುಂಬಲು ಹೊಸ ಚೀಲ, ಪೆನ್ಸಿಲಿನಲ್ಲಿ ಬರೆದ ಚೀಟಿ. ಶಾಯಿ ತೇವಕ್ಕೆ ಹರಡುತ್ತದೆ, ಅದಕ್ಕೇ ಪೆನ್ಸಿಲ್. ಕೊಳವೆಬಾವಿ ಇದ್ದರೆ ಒಂದು ಲೀಟರಿನ ಶುದ್ಧ ಬಾಟಲಿಯೂ ಬೇಕು. ಪರೀಕ್ಷೆ ಎಲ್ಲಿ ಮಾಡಿಸಬೇಕೆಂದು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರ, ಕೃಷಿ ಇಲಾಖೆಯ ಪ್ರಯೋಗಾಲಯ, ಬೆಂಗಳೂರು, ಧಾರವಾಡ, ರಾಯಚೂರು, ಶಿವಮೊಗ್ಗದ ಕೃಷಿ ವಿಶ್ವವಿದ್ಯಾಲಯಗಳು ನಿಮಗಿರುವ ಇತರ ದಾರಿಗಳು.

ಹಂತ 1: ಹೊಲವನ್ನು ತಾಕುಗಳಾಗಿ ನೋಡಿ

ಮೂರು ಎಕರೆ ಒಂದೇ ಸರ್ವೆ ನಂಬರಿನಲ್ಲಿದ್ದ ಮಾತ್ರಕ್ಕೆ ಮಣ್ಣು ಒಂದೇ ಆಗಿರುವುದಿಲ್ಲ. ದಿಣ್ಣೆಯ ಕೆಂಪು ಮಣ್ಣು, ತಗ್ಗಿನ ಎರೆ, ಕಾಲುವೆಯ ಪಕ್ಕದ ಜವುಗು ಬೇರೆ ಬೇರೆ ಮಣ್ಣುಗಳು. ಬಣ್ಣ, ಇಳಿಜಾರು, ಬೆಳೆ ಅಥವಾ ಹಿಂದೆ ಗೊಬ್ಬರ ಹಾಕಿದ ರೀತಿ ಬೇರೆಯಾದ ಕಡೆಯೆಲ್ಲ ಮಾದರಿಯೂ ಬೇರೆ ಇರಬೇಕು. ಇವನ್ನೆಲ್ಲ ಬೆರೆಸಿ ಒಂದು ಮಾದರಿ ಮಾಡಿದರೆ ಬರುವ ಸರಾಸರಿ ಅಂಕಿ ನಿಮ್ಮ ಹೊಲದ ಯಾವ ಮೂಲೆಗೂ ಹೊಂದುವುದಿಲ್ಲ.

ಸರ್ಕಾರದ ಕಾರ್ಡಿನ ಬಗ್ಗೆಯೂ ಒಂದು ಮಾತು. ಆ ಯೋಜನೆಯಲ್ಲಿ ನೀರಾವರಿ ಪ್ರದೇಶದಲ್ಲಿ 2.5 ಹೆಕ್ಟೇರಿಗೆ, ಮಳೆಯಾಶ್ರಿತ ಪ್ರದೇಶದಲ್ಲಿ 10 ಹೆಕ್ಟೇರಿಗೆ ಒಂದು ಮಾದರಿ ತೆಗೆಯುವ ಕ್ರಮವನ್ನು ಇಟ್ಟುಕೊಂಡಿದ್ದರು. ಆದ್ದರಿಂದ ನಿಮ್ಮ ಕಾರ್ಡಿನ ಅಂಕಿ ಪಕ್ಕದವರ ಹೊಲದ ಮಣ್ಣಿನದೂ ಆಗಿರಬಹುದು. ಊರಿನ ಮಣ್ಣಿನ ಸ್ಥೂಲ ಚಿತ್ರಕ್ಕೆ ಅದು ಸಾಕು. ನಿಮ್ಮ ತೋಟದ ಲೆಕ್ಕಕ್ಕೆ ನೀವೇ ಮಾದರಿ ತೆಗೆಯಿರಿ.

ಹಂತ 2: ಮಾದರಿ ತೆಗೆಯಿರಿ

ಇಡೀ ಕೆಲಸದಲ್ಲಿ ಅತಿ ಹೆಚ್ಚು ತಪ್ಪಾಗುವುದು ಇಲ್ಲೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ಓದಿ. ಒಂದು ಎಕರೆಯ ಮೇಲಿನ ಅರ್ಧ ಅಡಿ ಮಣ್ಣಿನ ತೂಕ ಸುಮಾರು 9 ಲಕ್ಷ ಕಿಲೋ. ನೀವು ಕಳುಹಿಸುವುದು ಅರ್ಧ ಕಿಲೋ, ಪ್ರಯೋಗಾಲಯದವರು ಒಂದೊಂದು ಪರೀಕ್ಷೆಗೆ ತೂಗಿಕೊಳ್ಳುವುದು ಕೆಲವೇ ಗ್ರಾಂ. ಆ ಕೆಲವು ಗ್ರಾಂ ಇಡೀ ಎಕರೆಯ ಪರವಾಗಿ ಮಾತನಾಡಬೇಕು. ಬದುವಿನ ಪಕ್ಕದಲ್ಲಿ ಒಂದು ಹಿಡಿ ಕೆರೆದು ಕಳುಹಿಸಿದರೆ ಎಷ್ಟು ಒಳ್ಳೆಯ ಯಂತ್ರವಿದ್ದರೂ ಪ್ರಯೋಜನವಿಲ್ಲ.

ಕೊಯ್ಲು ಮುಗಿದ ಮೇಲೆ, ಮುಂದಿನ ಬೆಳೆಗೆ ಗೊಬ್ಬರ ಹಾಕುವ ಮೊದಲು ಮಾದರಿ ತೆಗೆಯಿರಿ. ತಾಕಿನಲ್ಲಿ ಅಂಕುಡೊಂಕಾಗಿ ನಡೆಯುತ್ತ 10ರಿಂದ 15 ಕಡೆ ಗುರುತು ಮಾಡಿ. ಪ್ರತಿ ಗುರುತಿನಲ್ಲೂ ಮೇಲಿನ ಕಸಕಡ್ಡಿ ಸರಿಸಿ, ಇಂಗ್ಲಿಷಿನ ‘ವಿ’ ಅಕ್ಷರದ ಆಕಾರದಲ್ಲಿ 15 ಸೆಂಟಿಮೀಟರ್ ಆಳದ ಗುಂಡಿ ತೋಡಿ, ಆ ಮಣ್ಣನ್ನು ಹೊರಗೆ ಹಾಕಿ. ಗುಂಡಿಯ ಒಂದು ಬದಿಯಿಂದ ಮೇಲಿನಿಂದ ಕೆಳಗಿನವರೆಗೆ ಒಂದೇ ದಪ್ಪದಲ್ಲಿ, ಅಂದರೆ ಸುಮಾರು ಒಂದು ಅಂಗುಲ, ಮಣ್ಣು ಸೀಳಿ ಬಕೆಟ್ಟಿಗೆ ಹಾಕಿ. ಮೇಲೆ ದಪ್ಪ, ಕೆಳಗೆ ತೆಳು ಆದರೆ ಮೇಲ್ಪದರದ ಪಾಲು ಹೆಚ್ಚಾಗಿ ಇಂಗಾಲದ ಅಂಕಿ ಸುಳ್ಳಾಗಿ ಏರುತ್ತದೆ.

ತೆಂಗು, ಅಡಿಕೆ, ಮಾವಿನಂಥ ಬೆಳೆಗಳ ಬೇರು ಆಳಕ್ಕೆ ಹೋಗುವುದರಿಂದ ಅರ್ಧ ಅಡಿ ಸಾಲದು. ಮೊದಲ ಒಂದು ಅಡಿಯದ್ದೊಂದು, ಎರಡನೆಯ ಅಡಿಯದ್ದೊಂದು, ಮೂರನೆಯ ಅಡಿಯದ್ದೊಂದು ಹೀಗೆ ಬೇರೆ ಬೇರೆ ಮಾದರಿ ತೆಗೆಯಬೇಕು. ಜಾಗ ಗೊಬ್ಬರ ಹಾಕುವ ಪಾತಿಯೊಳಗೇ ಇರಲಿ.

ಮಾದರಿ ತೆಗೆಯಬಾರದ ಜಾಗಗಳು ಇವು: ಬದು, ಮರದ ನೆರಳು, ತಿಪ್ಪೆ ಇದ್ದ ಜಾಗ, ದನ ಕಟ್ಟಿದ ಜಾಗ, ಬಾವಿಯ ಸುತ್ತ, ನೀರು ನಿಂತ ತಗ್ಗು, ಹುಲ್ಲು ಕೂಳೆ ಸುಟ್ಟ ಜಾಗ, ಗೊಬ್ಬರ ಹಾಕಿದ ಸಾಲು. ತಿಪ್ಪೆಯ ಜಾಗದ ಒಂದೇ ಒಂದು ಹಿಡಿ ಮಣ್ಣು ಹದಿನೈದು ಗುಂಡಿಗಳ ಶ್ರಮವನ್ನು ಕೆಡಿಸುತ್ತದೆ.

ಹಂತ 3: ಒಣಗಿಸಿ, ಕಾಲು ಮಾಡಿ, ಕಳುಹಿಸಿ

ಬಕೆಟ್ಟಿನ ಮಣ್ಣನ್ನು ಬಟ್ಟೆಯ ಮೇಲೆ ಹರವಿ, ಹೆಂಟೆ ಒಡೆದು, ಕಲ್ಲು ಬೇರು ಆರಿಸಿ ಚೆನ್ನಾಗಿ ಬೆರೆಸಿ. ವೃತ್ತಾಕಾರದಲ್ಲಿ ಹರಡಿ ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡು ಭಾಗಗಳನ್ನು ಬಿಟ್ಟು ಉಳಿದೆರಡನ್ನು ಮತ್ತೆ ಬೆರೆಸಿ. ಅರ್ಧ ಕಿಲೋ ಉಳಿಯುವವರೆಗೂ ಹೀಗೇ ಮಾಡಿ. ಒಣಗಿಸುವುದು ನೆರಳಿನಲ್ಲಿ ಮಾತ್ರ. ಬಿಸಿಲಿನಲ್ಲೋ ಒಲೆಯ ಮೇಲೋ ಒಣಗಿಸಿದರೆ ಬೆಳೆಗೆ ದಕ್ಕುವ ಪೊಟ್ಯಾಷ್ ಮತ್ತು ಮ್ಯಾಂಗನೀಸ್ ಪ್ರಮಾಣ ಬದಲಾಗುತ್ತದೆ. ಗೊಬ್ಬರದ ಹಳೆಯ ಚೀಲದಲ್ಲಿ ಮಣ್ಣು ತುಂಬಲೇಬೇಡಿ. ಚೀಟಿಯಲ್ಲಿ ಹೆಸರು, ಸರ್ವೆ ನಂಬರು, ತಾಕಿನ ಗುರುತು, ಹಿಂದಿನ ಬೆಳೆ, ಮುಂದೆ ಇಡುವ ಬೆಳೆ ಇರಲಿ.

ಕೊಳವೆಬಾವಿಯ ನೀರನ್ನೂ ಇದರ ಜೊತೆಗೇ ಪರೀಕ್ಷೆಗೆ ಕೊಡಿ. ಹತ್ತು ನಿಮಿಷ ಪಂಪು ಓಡಿಸಿ, ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ತೊಳೆದು, ಕತ್ತಿನವರೆಗೆ ತುಂಬಿ. ಮಣ್ಣನ್ನು ಎಷ್ಟು ಸರಿಪಡಿಸಿದರೂ ಹಾಯಿಸುವ ನೀರು ಪ್ರತಿ ವಾರ ಸೋಡಿಯಂ ತಂದು ಸುರಿಯುತ್ತಿದ್ದರೆ ಮಾಡಿದ್ದೆಲ್ಲ ನೀರುಪಾಲು. ನೀರಿನ ವರದಿಯಲ್ಲಿ ‘ಉಳಿಕೆ ಸೋಡಿಯಂ ಕಾರ್ಬೊನೇಟ್’ ಎಂಬ ಅಂಕಿಯನ್ನು ಹುಡುಕಿ. ನೀರಿನ ಕಾರ್ಬೊನೇಟ್, ಬೈಕಾರ್ಬೊನೇಟ್‌ಗಳಿಂದ ಕ್ಯಾಲ್ಸಿಯಂ, ಮೆಗ್ನೀಸಿಯಂ ಕಳೆದರೆ ಉಳಿಯುವ ಪ್ರಮಾಣ ಅದು. 1.25ಕ್ಕಿಂತ ಕಡಿಮೆ ಇದ್ದರೆ ನಿಶ್ಚಿಂತೆ. 2.5 ದಾಟಿದ್ದರೆ ಹಾಗೆಯೇ ಹಾಯಿಸಬೇಡಿ. ಕೃಷಿ ಹೊಂಡದ ಮಳೆನೀರು ಬೆರೆಸಿ, ಇಲ್ಲವೇ ನೀರು ಹಾಯುವ ಕಾಲುವೆಯಲ್ಲಿ ಜಿಪ್ಸಂ (ಕ್ಯಾಲ್ಸಿಯಂ ಸಲ್ಫೇಟ್) ಇಟ್ಟು ಅದರ ಮೇಲೆ ನೀರು ಹರಿಸಿ.

ಹಂತ 4: ವರದಿ ಬಂದಾಗ ಮೊದಲು ರಸಸಾರ ಓದಿ

ಬಹಳ ಜನ ನೇರವಾಗಿ ಸಾರಜನಕದ ಅಂಕಿಗೆ ಕಣ್ಣು ಹಾಯಿಸುತ್ತಾರೆ. ಮೊದಲು ನೋಡಬೇಕಾದ್ದು ರಸಸಾರ, ಅಂದರೆ ಪಿಎಚ್. ಮಣ್ಣು ಹುಳಿಯೋ ಕ್ಷಾರವೋ ಎಂದು ಹೇಳುವ ಅಳತೆ ಇದು. ಆರತಿಗೆಂದು ಅರಿಶಿನದ ನೀರಿಗೆ ಸುಣ್ಣ ಹಾಕಿದಾಗ ಅದು ಕೆಂಪಾಗುವುದನ್ನು ನೀವು ನೋಡಿದ್ದೀರಿ. ಸುಣ್ಣದ ಕ್ಷಾರಗುಣ ಅರಿಶಿನದ ಬಣ್ಣವನ್ನು ಬದಲಿಸುತ್ತದೆ. ಲಿಂಬೆ ಹಿಂಡಿದರೆ ಮತ್ತೆ ಹಳದಿ. ಅದೇ ಗುಣವನ್ನು ಪ್ರಯೋಗಾಲಯದಲ್ಲಿ ಅಂಕಿಯಾಗಿ ಅಳೆಯುತ್ತಾರೆ.

7 ಎಂದರೆ ತಟಸ್ಥ. ಅದಕ್ಕಿಂತ ಕಡಿಮೆಯಾದರೆ ಹುಳಿ, ಹೆಚ್ಚಾದರೆ ಕ್ಷಾರ. 6.5ರಿಂದ 7.5ರ ನಡುವೆ ಬಹುತೇಕ ಬೆಳೆಗಳಿಗೆ ಹಿತ. ಆದರೆ ಈ ಅಳತೆಯ ಮೆಟ್ಟಿಲುಗಳು ದೊಡ್ಡವು. ಒಂದು ಅಂಕ ಇಳಿದರೆ ಹುಳಿ ಹತ್ತು ಪಟ್ಟು ಏರುತ್ತದೆ. ರಸಸಾರ 5 ಇರುವ ಮಣ್ಣು 6 ಇರುವುದಕ್ಕಿಂತ ಹತ್ತು ಪಟ್ಟು, 7 ಇರುವುದಕ್ಕಿಂತ ನೂರು ಪಟ್ಟು ಹುಳಿ. “5.2 ಅಂದರೆ ಸ್ವಲ್ಪ ಕಡಿಮೆ ಅಷ್ಟೇ ಅಲ್ಲವೇ?” ಎಂದು ಕೇಳುವವರಿಗೆ ಇದನ್ನು ಒತ್ತಿ ಹೇಳಬೇಕಾಗಿದೆ.

ಕರಾವಳಿ ಮತ್ತು ಮಲೆನಾಡಿನ ಮಣ್ಣು ಹುಳಿಯಾಗಲು ಕಾರಣ ಮಳೆ. ಸಾವಿರಾರು ವರ್ಷಗಳ ಜಡಿಮಳೆ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ತೊಳೆದು ಒಯ್ದಿದೆ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಉಳಿದಿವೆ. ಜಂಬಿಟ್ಟಿಗೆಯ ಕೆಂಪು ಆ ಕಬ್ಬಿಣದ್ದೇ. ಬಯಲುಸೀಮೆಯ ಎರೆಭೂಮಿಯಲ್ಲಿ ಮಳೆ ಕಡಿಮೆ, ಸುಣ್ಣಕಲ್ಲಿನ ಹರಳು ಮಣ್ಣಿನಲ್ಲೇ ಉಳಿದಿರುತ್ತದೆ, ಹಾಗಾಗಿ ಕ್ಷಾರ.

ಗೊಬ್ಬರದ ಲೆಕ್ಕಕ್ಕೂ ರಸಸಾರಕ್ಕೂ ನೇರ ಸಂಬಂಧವಿದೆ. ಹುಳಿ ಮಣ್ಣಿನಲ್ಲಿ ನೀವು ಹಾಕಿದ ರಂಜಕವನ್ನು ಕಬ್ಬಿಣ ಮತ್ತು ಅಲ್ಯೂಮಿನಿಯಂ ಕಟ್ಟಿಹಾಕುತ್ತವೆ. ಕ್ಷಾರ ಮಣ್ಣಿನಲ್ಲಿ ಆ ಕೆಲಸವನ್ನು ಕ್ಯಾಲ್ಸಿಯಂ ಮಾಡುತ್ತದೆ. ಎರಡೂ ಕಡೆ ರಂಜಕ ಮಣ್ಣಿನಲ್ಲೇ ಇರುತ್ತದೆ, ಬೇರಿಗೆ ಮಾತ್ರ ಸಿಗುವುದಿಲ್ಲ. ರಸಸಾರ 5.5ಕ್ಕಿಂತ ಕೆಳಗಿಳಿದರೆ ಅಲ್ಯೂಮಿನಿಯಂ ಕರಗಿ ಬೇರಿನ ತುದಿಯನ್ನೇ ಮೊಂಡು ಮಾಡುತ್ತದೆ. ಇಂಥ ಹೊಲದಲ್ಲಿ ಡಿಎಪಿಯ ಮೇಲೆ ಡಿಎಪಿ ಹಾಕಿದವರನ್ನು ಕಂಡಾಗ ಸಂಕಟವಾಗುತ್ತದೆ, ಏಕೆಂದರೆ ಅಲ್ಲಿ ಬೇಕಾಗಿದ್ದದ್ದು ಸುಣ್ಣ.

ರಸಸಾರದ ಪಕ್ಕದಲ್ಲೇ ‘ವಿದ್ಯುತ್ ವಾಹಕತೆ’ ಎಂದಿರುತ್ತದೆ. ಉಪ್ಪು ಹೆಚ್ಚಿದ್ದಷ್ಟೂ ಮಣ್ಣು ಕಲಸಿದ ನೀರಿನಲ್ಲಿ ವಿದ್ಯುತ್ ಸಲೀಸಾಗಿ ಹರಿಯುತ್ತದೆ. ಆದ್ದರಿಂದ ಇದು ಕರಗುವ ಲವಣಗಳ ಅಳತೆ. ಮೀಟರಿಗೆ 1 ಡೆಸಿಸೀಮೆನ್ಸ್‌ಗಿಂತ ಕಡಿಮೆ ಇದ್ದರೆ ತೊಂದರೆಯಿಲ್ಲ. ಅದನ್ನು ದಾಟಿದರೆ ಮೊಳಕೆಗೆ ಕಷ್ಟ.

ಹಂತ 5: ಸುಣ್ಣವೋ ಜಿಪ್ಸಂ ಗೊಬ್ಬರವೋ ತೀರ್ಮಾನಿಸಿ

ಎರಡೂ ಬಿಳಿ ಪುಡಿ, ಎರಡರಲ್ಲೂ ಕ್ಯಾಲ್ಸಿಯಂ ಇದೆ. ಅದಕ್ಕೇ ಒಂದರ ಬದಲು ಇನ್ನೊಂದನ್ನು ತಂದು ಹಾಕುವವರಿದ್ದಾರೆ. ಹಾಗೆ ಮಾಡಬೇಡಿ. ಸುಣ್ಣ ಹುಳಿಯನ್ನು ಕೊಲ್ಲುತ್ತದೆ. ಜಿಪ್ಸಂ ಹುಳಿಯನ್ನು ಮುಟ್ಟುವುದಿಲ್ಲ, ಅದರ ಕೆಲಸ ಸೋಡಿಯಂ ಓಡಿಸುವುದು. ಕ್ಷಾರ ಮಣ್ಣಿಗೆ ಸುಣ್ಣ ಹಾಕಿದರೆ ಗಾಯದ ಮೇಲೆ ಬರೆ ಎಳೆದಂತೆ.

ಹುಳಿ ಮಣ್ಣಿಗೆ: ಎಷ್ಟು ಸುಣ್ಣ ಎಂಬುದನ್ನು ರಸಸಾರವೊಂದರಿಂದಲೇ ಹೇಳಲಾಗದು. ಮರಳು ಮಣ್ಣಿಗೆ ಸ್ವಲ್ಪ ಸಾಕು, ಜೇಡಿಗೆ ಹೆಚ್ಚು ಬೇಕು. ಪ್ರಯೋಗಾಲಯದಲ್ಲಿ ‘ಸುಣ್ಣದ ಅವಶ್ಯಕತೆ’ ಎಂಬ ಪ್ರತ್ಯೇಕ ಪರೀಕ್ಷೆಯಿದೆ, ಕೇಳಿ ಮಾಡಿಸಿ. ವರದಿಯಲ್ಲಿ ಸಾಮಾನ್ಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ, ಅಂದರೆ ಸುಣ್ಣಕಲ್ಲಿನ ಪುಡಿಯ ಲೆಕ್ಕದಲ್ಲಿ ಕೊಟ್ಟಿರುತ್ತಾರೆ. 100 ಕಿಲೋ ಸುಣ್ಣಕಲ್ಲಿನ ಪುಡಿಯ ಕೆಲಸವನ್ನು 74 ಕಿಲೋ ಅರಳಿದ ಸುಣ್ಣ ಅಥವಾ 56 ಕಿಲೋ ಸುಟ್ಟ ಸುಣ್ಣ ಮಾಡುತ್ತದೆ. ಅಂದರೆ 500 ಕಿಲೋ ಎಂದು ಬರೆದಿದ್ದರೆ ಅರಳಿದ ಸುಣ್ಣ 370 ಕಿಲೋ ಸಾಕು. ಕರಾವಳಿಯ ಚಿಪ್ಪಿನ ಸುಣ್ಣಕ್ಕೂ ಇದೇ ಲೆಕ್ಕ, ಸುಟ್ಟು ಅರಳಿಸಿದ್ದೋ ಬರೀ ಪುಡಿಯೋ ಎಂದು ಕೇಳಿಕೊಳ್ಳಿ. ಮೆಗ್ನೀಸಿಯಂ ಕೊರತೆಯೂ ಇದ್ದರೆ ಡಾಲಮೈಟ್ ಒಳ್ಳೆಯದು. ಬೇಸಿಗೆಯ ಮಳೆ ಬಿದ್ದು ಹದವಾದಾಗ ಎರಚಿ ಮಣ್ಣಿಗೆ ಬೆರೆಸಿ. ಸುಟ್ಟ ಸುಣ್ಣ ಮತ್ತು ಅರಳಿದ ಸುಣ್ಣ ಚರ್ಮವನ್ನೂ ಕಣ್ಣನ್ನೂ ಸುಡುತ್ತವೆ, ಕೈಗವಸು, ಕನ್ನಡಕ ಇಲ್ಲದೆ ಮುಟ್ಟಬೇಡಿ.

ಸುಣ್ಣಕ್ಕೂ ಗೊಬ್ಬರಕ್ಕೂ ನಡುವೆ ಎರಡು ಮೂರು ವಾರ ಅಂತರವಿರಲಿ. ಸುಣ್ಣದ ಜೊತೆ ಯೂರಿಯಾ, ಡಿಎಪಿ ಅಥವಾ ಹಸಿ ಸಗಣಿ ಗೊಬ್ಬರ ಸೇರಿದರೆ ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ. ಮೂಗಿಗೆ ಘಾಟು ಹೊಡೆದರೆ ನಿಮ್ಮ ಗೊಬ್ಬರ ಹೋಗುತ್ತಿದೆ ಎಂದೇ ಅರ್ಥ. ಒಲೆಯ ಬೂದಿಯೂ ಕ್ಷಾರವೇ, ಅದಕ್ಕೂ ಇದೇ ನಿಯಮ. ಅತಿ ಸುಣ್ಣವೂ ಕೆಟ್ಟದ್ದು: ಸತು, ಬೋರಾನ್, ಕಬ್ಬಿಣ ಬೇರಿಗೆ ಸಿಗದಂತಾಗುತ್ತವೆ.

ಕ್ಷಾರ ಮಣ್ಣಿಗೆ: ರಸಸಾರ 8.5 ದಾಟಿ ಸೋಡಿಯಂ ಹೆಚ್ಚಿದ್ದರೆ ಅದು ಚೌಳು. ಮನೆಯಲ್ಲೇ ಸ್ಥೂಲವಾಗಿ ತಿಳಿಯುವ ದಾರಿಯಿದೆ. ಗಾಜಿನ ಲೋಟದಲ್ಲಿ ಮಳೆನೀರು ತೆಗೆದುಕೊಂಡು ಒಂದು ಚಮಚ ಮಣ್ಣು ಹಾಕಿ ಕದಡಿ, ರಾತ್ರಿಯಿಡೀ ಬಿಡಿ. ಬೆಳಿಗ್ಗೆಯೂ ನೀರು ಬಗ್ಗಡವಾಗಿಯೇ ಇದ್ದರೆ ಸೋಡಿಯಂ ಇರುವ ಅನುಮಾನ ಬಲವಾಗುತ್ತದೆ. ಸೋಡಿಯಂ ಜೇಡಿಯ ಕಣಗಳನ್ನು ಬಿಡಿಬಿಡಿ ಮಾಡುವುದರಿಂದ ಅವು ತಳಕ್ಕೆ ಕೂರುವುದಿಲ್ಲ. ಹೊಲದಲ್ಲಿ ಮಳೆನೀರು ಇಂಗದೆ ನಿಲ್ಲುವುದಕ್ಕೂ ಇದೇ ಕಾರಣ. ಕೊಳವೆಬಾವಿಯ ಗಡಸು ನೀರಿನಲ್ಲಿ ಈ ಪರೀಕ್ಷೆ ಮಾಡಬೇಡಿ, ಅದರ ಕ್ಯಾಲ್ಸಿಯಂ ಉತ್ತರವನ್ನೇ ಬದಲಿಸುತ್ತದೆ.

ಜಿಪ್ಸಂನ ಕ್ಯಾಲ್ಸಿಯಂ ಜೇಡಿಗೆ ಅಂಟಿದ ಸೋಡಿಯಂ ಅನ್ನು ಎಬ್ಬಿಸಿ ತಾನು ಕೂರುತ್ತದೆ. ಎದ್ದ ಸೋಡಿಯಂ ಸಲ್ಫೇಟ್ ಆಗಿ ನೀರಿನಲ್ಲಿ ಕರಗುತ್ತದೆ. ಆ ನೀರು ಹೊಲದಿಂದ ಹೊರಗೆ ಹೋದರೆ ಮಾತ್ರ ಕೆಲಸ ಮುಗಿದಂತೆ. ಆದ್ದರಿಂದ ಮೊದಲು ಬಸಿಗಾಲುವೆ, ಆಮೇಲೆ ಜಿಪ್ಸಂ. ತುಂಗಭದ್ರಾ, ಕೃಷ್ಣಾ ಅಚ್ಚುಕಟ್ಟಿನಲ್ಲಿ ಸವುಳು ಜವುಳಾದ ಭೂಮಿಯವರು ಈ ಕ್ರಮವನ್ನು ಎಂದಿಗೂ ತಿರುವುಮುರುವು ಮಾಡಬಾರದು. ಬದು ಕಟ್ಟಿ, ಹೊಲ ಸಮ ಮಾಡಿ, ಪ್ರಯೋಗಾಲಯ ಹೇಳಿದಷ್ಟು ಜಿಪ್ಸಂ ಅನ್ನು ಮೇಲಿನ ನಾಲ್ಕು ಅಂಗುಲದೊಳಗೆ ಬೆರೆಸಿ, ಒಳ್ಳೆಯ ನೀರು ನಿಲ್ಲಿಸಿ ಬಸಿಯಿರಿ. ನಂತರ ಡಯಾಂಚ ಎಂಬ ಹಸಿರೆಲೆ ಗೊಬ್ಬರದ ಬೆಳೆ ಬಿತ್ತಿ ಹೂ ಬರುವ ಹೊತ್ತಿಗೆ ಮಣ್ಣಿಗೆ ಸೇರಿಸಿದರೆ ಮಣ್ಣು ಬೇಗ ಬಿರಿಯುತ್ತದೆ.

ಇನ್ನೊಂದು ಎಚ್ಚರಿಕೆ. ರಸಸಾರ ಸುಮಾರಾಗಿದ್ದು ವಿದ್ಯುತ್ ವಾಹಕತೆ ಮಾತ್ರ ಹೆಚ್ಚಿದ್ದರೆ ಅದು ಬರೀ ಉಪ್ಪಿನ ಸಮಸ್ಯೆ. ಅಲ್ಲಿ ಜಿಪ್ಸಂಗೆ ಕೊಡುವ ಹಣ ದಂಡ. ಒಳ್ಳೆಯ ನೀರು ಕೊಟ್ಟು ಬಸಿಯುವುದೊಂದೇ ಪರಿಹಾರ.

ಹಂತ 6: ಸಾವಯವ ಇಂಗಾಲ ನೋಡಿ

ಕೊಳೆತ ಸೊಪ್ಪು, ಬೇರು, ಸಗಣಿಯಿಂದ ಮಣ್ಣಿಗೆ ಸೇರಿದ ಇಂಗಾಲ ಇದು. 0.5 ಶೇಕಡಾಕ್ಕಿಂತ ಕಡಿಮೆ ಇದ್ದರೆ ಕೊರತೆ, 0.75 ದಾಟಿದರೆ ಉತ್ತಮ. ಈ ಅಂಕಿಯನ್ನು ಒಂದೇ ವರ್ಷದಲ್ಲಿ ಏರಿಸುತ್ತೇವೆಂದು ಯಾರಾದರೂ ಡಬ್ಬಿ ಮಾರಲು ಬಂದರೆ ಈ ಲೆಕ್ಕ ಮಾಡಿ ತೋರಿಸಿ: ಎಕರೆಯ ಮೇಲ್ಮಣ್ಣು 9 ಲಕ್ಷ ಕಿಲೋ. ಅದರಲ್ಲಿ ಇಂಗಾಲ 0.1 ಶೇಕಡಾ ಏರಬೇಕಾದರೆ 900 ಕಿಲೋ ಇಂಗಾಲ ಮಣ್ಣಿನಲ್ಲಿ ಉಳಿಯಬೇಕು. ಹಾಕಿದ ಸೊಪ್ಪು ಸದೆಯ ಬಹುಪಾಲು ಇಂಗಾಲವನ್ನು ಸೂಕ್ಷ್ಮಜೀವಿಗಳು ಉಸಿರಾಡಿ ಗಾಳಿಗೆ ಬಿಡುತ್ತವೆ, ಉಳಿಯುವುದು ಸಣ್ಣ ಪಾಲು. ಹಾಗಾಗಿ ಇದು ವರ್ಷಗಟ್ಟಲೆಯ ಕೆಲಸ. ಕೊಟ್ಟಿಗೆ ಗೊಬ್ಬರ, ಅಪ್ಸೆಣಬು, ಗ್ಲಿರಿಸಿಡಿಯಾ ಸೊಪ್ಪು ವರ್ಷವೂ ಮಣ್ಣಿಗೆ ಹೋಗುತ್ತಿರಲಿ. ಕಬ್ಬಿನ ರವದಿ, ಮಂಡ್ಯದ ಕಡೆಯ ತರಗು, ಇವುಗಳಿಗೆ ದಯವಿಟ್ಟು ಬೆಂಕಿ ಇಡಬೇಡಿ. ಒಂದು ಬೆಂಕಿಕಡ್ಡಿಗೆ ವರ್ಷದ ಇಂಗಾಲ, ಸಾರಜನಕ, ಗಂಧಕ ಎಲ್ಲ ಹೊಗೆಯಾಗುತ್ತದೆ.

ಹಂತ 7: ಸಾರಜನಕ, ರಂಜಕ, ಪೊಟ್ಯಾಷ್ ಅಂಕಿ ಓದಿ ಚೀಲದ ಲೆಕ್ಕ ಹಾಕಿ

ಹೆಕ್ಟೇರಿಗೆ ಕಿಲೋ ಲೆಕ್ಕದಲ್ಲಿ, ಪ್ರಯೋಗಾಲಯದಿಂದ ಪ್ರಯೋಗಾಲಯಕ್ಕೆ ತುಸು ವ್ಯತ್ಯಾಸವಿದ್ದರೂ, ಗಡಿಗಳು ಸುಮಾರಾಗಿ ಹೀಗಿವೆ:

ಸಾರಜನಕ: 280ಕ್ಕಿಂತ ಕಡಿಮೆ ಕೊರತೆ, 280ರಿಂದ 560 ಮಧ್ಯಮ, ಮೇಲೆ ಹೆಚ್ಚು.
ರಂಜಕ (ಪೆಂಟಾಕ್ಸೈಡ್, ಎಂದರೆ P2O5 ಲೆಕ್ಕ): 23ಕ್ಕಿಂತ ಕಡಿಮೆ ಕೊರತೆ, 23ರಿಂದ 57 ಮಧ್ಯಮ, ಮೇಲೆ ಹೆಚ್ಚು.
ಪೊಟ್ಯಾಷ್ (ಆಕ್ಸೈಡ್ ಲೆಕ್ಕ): 145ಕ್ಕಿಂತ ಕಡಿಮೆ ಕೊರತೆ, 145ರಿಂದ 337 ಮಧ್ಯಮ, ಮೇಲೆ ಹೆಚ್ಚು.

ಇಲ್ಲಿ ಮೂರು ತಪ್ಪುಗಳು ಪದೇ ಪದೇ ಆಗುತ್ತವೆ. ಒಂದು, ಹೆಕ್ಟೇರಿನ ಅಂಕಿಯನ್ನು ಎಕರೆಯದೆಂದು ಓದುವುದು. ಎಕರೆಗೆ ಬೇಕಾದರೆ 2.5ರಿಂದ ಭಾಗಿಸಿ. ಎರಡು, ಕೆಲವು ವರದಿಗಳು ಬರೀ ರಂಜಕದ ಅಂಕಿ ಕೊಡುತ್ತವೆ, ಗೊಬ್ಬರದ ಚೀಲದ ಮೇಲೆ ಇರುವುದು ಪೆಂಟಾಕ್ಸೈಡ್ ಅಂಕಿ. ರಂಜಕವನ್ನು 2.29ರಿಂದ, ಪೊಟ್ಯಾಸಿಯಂ ಅನ್ನು 1.2ರಿಂದ ಗುಣಿಸಿದರೆ ಚೀಲದ ಲೆಕ್ಕಕ್ಕೆ ಬರುತ್ತದೆ. ಮೂರನೆಯದು ಇನ್ನೂ ದೊಡ್ಡ ತಪ್ಪು: “ಮಣ್ಣಿನಲ್ಲಿ 250 ಕಿಲೋ ಸಾರಜನಕ ಇದೆ, ರಾಗಿಗೆ ಬೇಕಾದ್ದು 100 ಕಿಲೋ, ಹಾಗಾದರೆ ಏನೂ ಹಾಕುವುದು ಬೇಡ” ಎಂದು ಕಳೆಯುವ ಲೆಕ್ಕ ಮಾಡುವುದು. ಪ್ರಯೋಗಾಲಯದ ಅಂಕಿ ಒಂದು ಸೂಚಿ. ರಾಸಾಯನಿಕ ದ್ರಾವಣಕ್ಕೆ ಮಣ್ಣು ಎಷ್ಟು ಬಿಟ್ಟುಕೊಟ್ಟಿತು ಎಂದು ಅದು ಹೇಳುತ್ತದೆ, ಅಷ್ಟೂ ಈ ಬೆಳೆಗೆ ಸಿಗುತ್ತದೆ ಎಂದಲ್ಲ. ಕೊರತೆ, ಮಧ್ಯಮ, ಹೆಚ್ಚು ಎಂಬ ವರ್ಗವನ್ನಷ್ಟೇ ಅದರಿಂದ ತೆಗೆದುಕೊಳ್ಳಿ.

ಲೆಕ್ಕ ಹಾಕೋಣ. ನೀರಾವರಿ ರಾಗಿಗೆ ಶಿಫಾರಸು ಹೆಕ್ಟೇರಿಗೆ 100:50:50, ಎಂದರೆ ಎಕರೆಗೆ ಸಾರಜನಕ 40, ರಂಜಕ 20, ಪೊಟ್ಯಾಷ್ 20 ಕಿಲೋ. ನಿಮ್ಮ ವರದಿಯಲ್ಲಿ ಸಾರಜನಕ ಕೊರತೆ, ರಂಜಕ ಹೆಚ್ಚು, ಪೊಟ್ಯಾಷ್ ಮಧ್ಯಮ ಎಂದಿದೆ ಎಂದುಕೊಳ್ಳಿ. ಕೊರತೆಯಿದ್ದರೆ ಕಾಲು ಭಾಗ ಸೇರಿಸುವುದು, ಹೆಚ್ಚಿದ್ದರೆ ಕಾಲು ಭಾಗ ಕಳೆಯುವುದು ಸಾಮಾನ್ಯ ಪದ್ಧತಿ. ಆಗ ಬೇಕಾದ್ದು 50:15:20.

ಮೊದಲು ರಂಜಕ. ಡಿಎಪಿಯಲ್ಲಿ ರಂಜಕ 46, ಸಾರಜನಕ 18 ಶೇಕಡಾ. 15 ಕಿಲೋ ರಂಜಕಕ್ಕೆ 15 ಭಾಗಿಸು 0.46, ಎಂದರೆ ಸುಮಾರು 33 ಕಿಲೋ ಡಿಎಪಿ. ಅದರ ಜೊತೆಗೇ ಸುಮಾರು 6 ಕಿಲೋ ಸಾರಜನಕ ಬಂತು. ಉಳಿದ 44 ಕಿಲೋ ಸಾರಜನಕ ಯೂರಿಯಾದಿಂದ ಬರಬೇಕು. ಯೂರಿಯಾದಲ್ಲಿ ಸಾರಜನಕ 46 ಶೇಕಡಾ, ಆದ್ದರಿಂದ 96 ಕಿಲೋ. ಪೊಟ್ಯಾಷ್ ಗೊಬ್ಬರದಲ್ಲಿ 60 ಶೇಕಡಾ ಇರುವುದರಿಂದ 20 ಕಿಲೋಗೆ 33 ಕಿಲೋ ಸಾಕು. ಡಿಎಪಿ ಚೀಲ 50 ಕಿಲೋದ್ದು, ಯೂರಿಯಾ ಚೀಲ 2018ರಿಂದ 45 ಕಿಲೋದ್ದು. ಚೀಲ ಎಣಿಸಿ ಹಾಕುವವರು ಈ ವ್ಯತ್ಯಾಸ ಮರೆಯಬಾರದು. ವಾಡಿಕೆಯಂತೆ ಎಕರೆಗೊಂದು ಚೀಲ ಡಿಎಪಿ ಹಾಕುತ್ತಿದ್ದವರಿಗೆ ಈ ಹೊಲದಲ್ಲಿ 17 ಕಿಲೋ ಉಳಿಯಿತು.

ಕೊಟ್ಟಿಗೆ ಗೊಬ್ಬರ ಹಾಕಿದ್ದರೆ ಅದನ್ನೂ ಎಣಿಸಿ. ಚೆನ್ನಾಗಿ ಕಳಿತ ಒಂದು ಟನ್ ಗೊಬ್ಬರದಲ್ಲಿ ಸುಮಾರು 5 ಕಿಲೋ ಸಾರಜನಕ ಇರುತ್ತದೆ. ಮೊದಲ ಬೆಳೆಗೆ ದಕ್ಕುವುದು ಅದರ ಮೂರನೆಯ ಒಂದು ಭಾಗದಷ್ಟು. ನಾಲ್ಕು ಟನ್ ಹಾಕಿದ್ದರೆ ಯೂರಿಯಾದಲ್ಲಿ 14 ಕಿಲೋದಷ್ಟು ಕಡಿಮೆ ಮಾಡಬಹುದು.

ಅಡಿಕೆಗೆ ಲೆಕ್ಕ ಮರದ ಮೇಲೆ: ಮರವೊಂದಕ್ಕೆ ವರ್ಷಕ್ಕೆ 100:40:140 ಗ್ರಾಂ. ಪೊಟ್ಯಾಷ್ ಪಾಲೇ ಹೆಚ್ಚು ಎಂಬುದನ್ನು ಗಮನಿಸಿ. ಯೂರಿಯಾ ಒಂದನ್ನೇ ಹಾಕುವ ತೋಟಗಳಲ್ಲಿ ಮರ ಹಸಿರಾಗಿದ್ದೂ ಗೊನೆ ಸೊರಗಲು ಇದು ಒಂದು ಕಾರಣ.

ಹಂತ 8: ಲಘು ಪೋಷಕಾಂಶಗಳು

2009ರಲ್ಲಿ ಕರ್ನಾಟಕದಲ್ಲಿ ಆರಂಭವಾದ ಭೂಚೇತನ ಯೋಜನೆಯಲ್ಲಿ ಮಣ್ಣು ಪರೀಕ್ಷಿಸಿದಾಗ ಒಣಬೇಸಾಯದ ಹೊಲಗಳಲ್ಲಿ ಗಂಧಕ, ಸತು, ಬೋರಾನ್ ಕೊರತೆ ವ್ಯಾಪಕವಾಗಿ ಕಂಡಿತು. ಸತು 0.6, ಬೋರಾನ್ 0.5, ಗಂಧಕ 10 ಪಿಪಿಎಂ ಕೆಳಗಿದ್ದರೆ ಕೊರತೆ. ಪಿಪಿಎಂ ಎಂದರೆ ಹತ್ತು ಲಕ್ಷ ಭಾಗದಲ್ಲಿ ಒಂದು ಭಾಗ. ಸತುವಿಗೆ ಎಕರೆಗೆ 10 ಕಿಲೋ ಸತುವಿನ ಸಲ್ಫೇಟ್ ಕೊಡುವುದು ರೂಢಿ. ಅದನ್ನು ಡಿಎಪಿಯ ಜೊತೆ ಬೆರೆಸಬೇಡಿ, ಎರಡೂ ಸೇರಿ ಕರಗದ ಸತುವಿನ ಫಾಸ್ಫೇಟ್ ಆಗುತ್ತದೆ. ಬೋರಾನ್ ವಿಷಯದಲ್ಲಿ ಕೈ ಬಿಗಿಯಿರಲಿ, ಸಾಲದ್ದಕ್ಕೂ ವಿಷವಾಗುವುದಕ್ಕೂ ಅಂತರ ತೀರ ಕಡಿಮೆ. ಗಂಧಕದ ಕೊರತೆಯಿದ್ದರೆ ಡಿಎಪಿ ಬದಲು ಸಿಂಗಲ್ ಸೂಪರ್ ಫಾಸ್ಫೇಟ್ ಕೊಳ್ಳಿ, ಅದರಲ್ಲಿ ರಂಜಕದ ಜೊತೆ 11 ಶೇಕಡಾ ಗಂಧಕ ಇದೆ.

ಕೊಳೆರೋಗಕ್ಕೆ ವರ್ಷವೂ ಮೈಲುತುತ್ತದ ಬೋರ್ಡೋ ದ್ರಾವಣ ಹೊಡೆಯುವ ಅಡಿಕೆ ತೋಟದವರು ತಾಮ್ರದ ಅಂಕಿ ನೋಡದೆ ತಾಮ್ರ ಇರುವ ಮಿಶ್ರಣ ಕೊಳ್ಳಬಾರದು. ಎಲೆಯಿಂದ ಇಳಿದ ತಾಮ್ರ ಮಣ್ಣಿನಲ್ಲೇ ಕೂಡಿಕೊಳ್ಳುತ್ತದೆ, ಬೇಗ ಹೊರಹೋಗುವುದಿಲ್ಲ.

ಹಂತ 9: ಯೂರಿಯಾ ಹಾಕುವ ಹೊತ್ತು ಮತ್ತು ಬಗೆ

ಲೆಕ್ಕ ಸರಿಯಿದ್ದು ಹಾಕುವ ಬಗೆ ತಪ್ಪಿದರೆ ಎಲ್ಲವೂ ವ್ಯರ್ಥ. ಯೂರಿಯಾ ಮಣ್ಣಿಗೆ ಬಿದ್ದ ಕೆಲವೇ ದಿನಗಳಲ್ಲಿ ಅಮೋನಿಯಾ ಆಗುತ್ತದೆ. ಮೇಲ್ಮೈಯಲ್ಲೇ ಇದ್ದರೆ, ಅದರಲ್ಲೂ ಕ್ಷಾರ ಮಣ್ಣು ಮತ್ತು ಬಿಸಿಲಿದ್ದರೆ, ಗಾಳಿಗೆ ಹಾರುತ್ತದೆ. ಮಣ್ಣಿನೊಳಗಿದ್ದರೆ ಅಮೋನಿಯಂ ಆಗಿ ಜೇಡಿಗೆ ಅಂಟಿಕೊಳ್ಳುತ್ತದೆ. ಅದನ್ನು ಬ್ಯಾಕ್ಟೀರಿಯಾಗಳು ನೈಟ್ರೇಟ್ ಮಾಡಿದ ಮೇಲೆ ಜೇಡಿ ಹಿಡಿದುಕೊಳ್ಳಲಾರದು, ಜಡಿಮಳೆ ಬಂದರೆ ಬೇರಿನಾಚೆಗೆ ಇಳಿದುಹೋಗುತ್ತದೆ. ಗದ್ದೆಯ ನಿಂತ ನೀರಿನಡಿ ಗಾಳಿಯಿಲ್ಲದ ಕಡೆ ಅದೇ ನೈಟ್ರೇಟ್ ಸಾರಜನಕವಾಗಿಯೂ ನೈಟ್ರಸ್ ಆಕ್ಸೈಡ್ ಆಗಿಯೂ ಗಾಳಿ ಸೇರುತ್ತದೆ. ಈ ನೈಟ್ರಸ್ ಆಕ್ಸೈಡ್‌ಗೆ ಭೂಮಿಯನ್ನು ಬಿಸಿ ಮಾಡುವ ಶಕ್ತಿ ಇಂಗಾಲದ ಡೈಆಕ್ಸೈಡ್‌ನ ಸುಮಾರು 270 ಪಟ್ಟು. 2015ರಿಂದ ಯೂರಿಯಾಕ್ಕೆಲ್ಲ ಬೇವಿನ ಎಣ್ಣೆ ಲೇಪಿಸುತ್ತಿರುವುದು ಆ ಬ್ಯಾಕ್ಟೀರಿಯಾಗಳ ವೇಗ ತಗ್ಗಿಸಲು. ಅದು ನಿಧಾನ ಮಾಡುತ್ತದೆ, ಪೂರ್ತಿ ತಡೆಯುವುದಿಲ್ಲ.

ಆದ್ದರಿಂದ ಯೂರಿಯಾವನ್ನು ಒಂದೇ ಸಲ ಹಾಕದೆ ಎರಡು ಮೂರು ಕಂತು ಮಾಡಿ. ಹದವಿದ್ದಾಗ ಸಾಲಿನ ಪಕ್ಕ ಹಾಕಿ ಮಣ್ಣು ಮುಚ್ಚಿ. ದೊಡ್ಡ ಮಳೆಯ ಮುನ್ಸೂಚನೆ ಇದ್ದರೆ ಎರಡು ದಿನ ತಡೆಯಿರಿ. ಗದ್ದೆಯಲ್ಲಿ ನೀರು ಬಸಿದು ಮೇಲುಗೊಬ್ಬರ ಕೊಟ್ಟು, ಒಂದು ದಿನದ ನಂತರ ನೀರು ಕಟ್ಟಿ. ಭತ್ತಕ್ಕೆ ಎಲೆಬಣ್ಣದ ಪಟ್ಟಿ ಸಿಗುತ್ತದೆ. ಎಲೆಯನ್ನು ಅದರ ಪಕ್ಕ ಹಿಡಿದು, ಬಣ್ಣ ಪಟ್ಟಿಯಲ್ಲಿ ಹೇಳಿದ ಗೆರೆಗಿಂತ ತೆಳುವಾದಾಗ ಮಾತ್ರ ಮುಂದಿನ ಕಂತು ಕೊಡಿ.

ಹಂತ 10: ಬರೆದಿಡಿ

ತಾಕುವಾರು ಒಂದು ಪುಟ: ಮಾದರಿ ತೆಗೆದ ತಿಂಗಳು, ಹನ್ನೆರಡು ಅಂಕಿ, ಹಾಕಿದ ಗೊಬ್ಬರ, ಸುಣ್ಣ, ಬಂದ ಇಳುವರಿ. ಮೂರು ವರ್ಷಕ್ಕೊಮ್ಮೆ ಅದೇ ತಿಂಗಳಲ್ಲಿ ಅದೇ ತಾಕಿನಿಂದ ಮತ್ತೆ ಮಾದರಿ ತೆಗೆಯಿರಿ, ಸಾಧ್ಯವಾದರೆ ಅದೇ ಪ್ರಯೋಗಾಲಯಕ್ಕೆ ಕೊಡಿ. ಒಂದೊಂದು ಕಡೆ ಬಳಸುವ ದ್ರಾವಣ ಬೇರೆಯಾದರೆ ರಂಜಕದ ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸಲಾಗದು. ಸುಣ್ಣ ಅಥವಾ ಜಿಪ್ಸಂ ಹಾಕಿದ ತಾಕಿನ ರಸಸಾರವನ್ನು ಮಾತ್ರ ಮೂರು ವರ್ಷ ಕಾಯದೆ ಮುಂದಿನ ವರ್ಷವೇ ನೋಡಿಸಿ. ಎರಡನೆಯ ಸಲ ಎಷ್ಟು ಹಾಕಬೇಕು, ಹಾಕಲೇಬೇಕೇ ಎಂಬುದು ಆ ಅಂಕಿಯಿಂದ ತಿಳಿಯುತ್ತದೆ.